ಚಳಿಗಾಲದಲ್ಲಿ ಇದ್ದಿಲ ಸ್ಮೋಕರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಅಮೆರಿಕ, ಕೆನಡಾದಲ್ಲಿರೋ ಕನ್ನಡಿಗರದ್ದೇ. ಬೇಸಿಗೇಲಿ ಆಸೆಪಟ್ಟು ಸ್ಮೋಕರ್ (ಇದ್ದಿಲ ಬಿಸಿ, ಹೊಗೆಯಲ್ಲಿ ನಿಧಾನಕ್ಕೆ ಬೇಯಿಸೋ ಮುಚ್ಚಳದ ಒಲೆ) ತಗೊಂಡಿದಾರೆ, ನವೆಂಬರ್ ಬರ್ತಿದ್ದ ಹಾಗೆ ಅದು ಮಾತು ಕೇಳೋದನ್ನ ನಿಲ್ಲಿಸಿದೆ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀವಿ, ಕೆಲವು ಪತ್ರಗಳನ್ನ ಸ್ವಲ್ಪ ಚಿಕ್ಕದು ಮಾಡಿದೀವಿ. ಬೇರೆ ಹೇಳದಿದ್ರೆ ಡಿಗ್ರಿ ಅಂದ್ರೆ ಎಲ್ಲ ಕಡೆ ಫ್ಯಾರನ್‌ಹೀಟ್.

ಪ್ರಶ್ನೆ: ನಮಸ್ಕಾರ. ನಮ್ಮದು ಬುಲೆಟ್ ಆಕಾರದ 18 ಇಂಚಿನ ವಾಟರ್ ಸ್ಮೋಕರ್. ಜುಲೈನಲ್ಲಿ ಕಣ್ಣುಮುಚ್ಚಿಕೊಂಡು 240 ಡಿಗ್ರಿಯಲ್ಲಿ ನಿಲ್ತಿತ್ತು. ಹೋದ ವಾರ ಹೊರಗಡೆ 10 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಮಧ್ಯಾಹ್ನದ ತನಕ ಒದ್ದಾಡಿದ್ರೂ 200 ದಾಟಲಿಲ್ಲ, ಒಂದು ಮೂಟೆ ಇದ್ದಿಲು ಪೂರ್ತಿ ಬೂದಿ ಆಯ್ತು. ನಮ್ಮ ಯಜಮಾನರು ಏಪ್ರಿಲ್ ತನಕ ಕವರ್ ಹಾಕಿ ಇಟ್ಬಿಡು ಅಂತಿದಾರೆ. ನಿಜವಾಗ್ಲೂ ಆಗಲ್ವಾ?
(ಓದುಗರು, ಮಿನಿಯಾಪೋಲಿಸ್)

ಉತ್ತರ: ಆಗುತ್ತೆ. ಯಜಮಾನರಿಗೆ ಹೇಳಿ, ಕವರ್ ತೆಗೀಲಿ.

ಮೊದಲು ಒಂದು ಚಿಕ್ಕ ಲೆಕ್ಕ ನೋಡಿ. ಸ್ಮೋಕರ್‌ನ ತೆಳು ಸ್ಟೀಲ್ ಗೋಡೆಯಿಂದ ಎಷ್ಟು ಶಾಖ ಆಚೆ ಹೋಗುತ್ತೆ ಅನ್ನೋದು ಮುಖ್ಯವಾಗಿ ಒಳಗಿನ ಬಿಸಿಗೂ ಹೊರಗಿನ ಚಳಿಗೂ ಇರೋ ಅಂತರದ ಮೇಲೆ ನಿಂತಿದೆ. ಜುಲೈನಲ್ಲಿ ಹೊರಗೆ 85 ಇದ್ದಾಗ ಒಳಗೆ 240 ಅಂದ್ರೆ ಅಂತರ 155. ಈಗ ಹೊರಗೆ 10, ಅಂತರ 230. ಅಂದ್ರೆ ಶಾಖದ ಖರ್ಚು ಹೆಚ್ಚುಕಮ್ಮಿ ಒಂದೂವರೆ ಪಟ್ಟು, ಅಷ್ಟೇ. ಹತ್ತು ಪಟ್ಟೇನಲ್ಲ. ಬರೀ ಚಳಿಯೇ ತಪ್ಪಿತಸ್ಥ ಆಗಿದ್ರೆ ಇನ್ನರ್ಧ ಮೂಟೆ ಇದ್ದಿಲು ಜಾಸ್ತಿ ಸುರಿದು ಸುಮ್ಮನಾಗಬಹುದಿತ್ತು. ನಿಮಗೆ ಅದರಿಂದ ಆಗಲಿಲ್ಲ ಅಂದ್ರೆ ಬೇರೆ ಏನೋ ಸೇರಿಕೊಂಡಿದೆ, ಮತ್ತೆ ಅದು ಗಾಳಿ, ನೀರು, ಮುಚ್ಚಳ ಈ ಮೂರರಲ್ಲಿ ಒಂದು ಅಥವಾ ಮೂರೂ.

ಗಾಳಿ ದೊಡ್ಡ ಕಳ್ಳ. ನಿಂತ ಗಾಳೀಲಿ ಸ್ಮೋಕರ್ ಸುತ್ತ ಬೆಚ್ಚಗಿನ ಒಂದು ತೆಳುವಾದ ಪದರ ಇರುತ್ತೆ, ಬೀಸೋ ಗಾಳಿ ಅದನ್ನ ಕಿತ್ತುಕೊಂಡು ಹೋಗ್ತಾನೇ ಇರುತ್ತೆ. ಅದರ ಮೇಲೆ ಕೆಳಗಿನ ವೆಂಟ್ (ಗಾಳಿ ಕಿಂಡಿ) ಒಳಗೆ ನುಗ್ಗಿ ಒಂದು ಕ್ಷಣ ಕೆಂಡವನ್ನ ಧಗ್ ಅಂತ ಉರಿಸಿ ಮರುಕ್ಷಣ ಸುಮ್ಮನಾಗುತ್ತೆ, ಥರ್ಮಾಮೀಟರ್ ಮುಳ್ಳು ಮೇಲೆ ಕೆಳಗೆ ಕುಣಿಯೋದು ಅದಕ್ಕೇ, ಇದ್ದಿಲು ಬೇಗ ಖಾಲಿ ಆಗೋದೂ ಅದಕ್ಕೇ. ಹಾಗಾಗಿ ಹವಾಮಾನ ನೋಡುವಾಗ ಎಷ್ಟು ಡಿಗ್ರಿ ಅಂತ ನೋಡೋಕಿಂತ ಮೊದಲು ಗಾಳಿ ಎಷ್ಟು ಅಂತ ನೋಡಿ. ಗಾಳಿ ಇಲ್ಲದ 5 ಡಿಗ್ರಿ ದಿನ, ಗಾಳಿ ಬೀಸೋ 35 ಡಿಗ್ರಿ ದಿನಕ್ಕಿಂತ ಎಷ್ಟೋ ವಾಸಿ. ಗಾಳಿ ಬರೋ ಕಡೆಗೆ ಒಂದು ತಡೆ ನಿಲ್ಲಿಸಿ, ಶೀಟ್ ಮೆಟಲ್ ಆದ್ರೆ ಒಳ್ಳೇದು, ಪ್ಲೈವುಡ್ ಆದ್ರೆ ಸ್ಮೋಕರ್‌ನಿಂದ ಮೂರ್ನಾಲ್ಕು ಅಡಿ ದೂರ ಇರಲಿ ಮತ್ತೆ ಬೀಳದ ಹಾಗೆ ಕಟ್ಟಿರಲಿ. ಕೆಳಗೆ ಮೂರು ವೆಂಟ್ ಇರುತ್ತಲ್ಲ, ಗಾಳಿ ಹೊಡೆಯೋ ಕಡೇದನ್ನ ಮುಚ್ಚಿ, ಮರೆಯಲ್ಲಿರೋ ವೆಂಟ್‌ಗಳಿಂದ ಬೆಂಕಿ ಉಸಿರಾಡಲಿ. ಮೇಲಿನ ವೆಂಟ್ ಮಾತ್ರ ಅಡುಗೆ ಮುಗಿಯೋ ತನಕ ಪೂರ್ತಿ ತೆರೆದೇ ಇರಬೇಕು.

ಆಮೇಲೆ ಕೆಂಡಕ್ಕೂ ಮಾಂಸ ಇಡೋ ಜಾಲರಿಗೂ ಮಧ್ಯೆ ಇರೋ ನೀರಿನ ಪಾತ್ರೆ. ಬಹಳ ಜನ ನಲ್ಲಿಯ ತಣ್ಣೀರು ತುಂಬ್ತಾರೆ, ಆಮೇಲೆ ಯಾರಾದ್ರೂ ಹೇಳಿದ್ರು ಅಂತ ಬಿಸಿನೀರಿಗೆ ಬದಲಾಯಿಸ್ತಾರೆ. ಬಿಸಿನೀರಿಂದ ಶುರುವಿನಲ್ಲಿ ಬೇಗ ಬಿಸಿ ಏರುತ್ತೆ ನಿಜ. ಆದ್ರೆ ನಿಜವಾದ ಖರ್ಚು ಇರೋದು ಆವಿಯಾಗೋದ್ರಲ್ಲಿ. ತಣ್ಣೀರನ್ನ ಕುದಿಯೋ ಹಂತಕ್ಕೆ ತರೋಕೆ ಬೇಕಾಗೋ ಶಾಖಕ್ಕಿಂತ ಅದೇ ನೀರನ್ನ ಆವಿ ಮಾಡೋಕೆ ಐದು ಪಟ್ಟಿಗಿಂತ ಜಾಸ್ತಿ ಬೇಕು. ಅಂದ್ರೆ ನಿಮ್ಮ ಮೂಟೆಯ ಒಂದು ಪಾಲು ಪಾಪ ಮಿನಿಯಾಪೋಲಿಸ್ ಆಕಾಶಕ್ಕೆ ಉಗಿ ಕೊಡೋದ್ರಲ್ಲೇ ಕಳೆದುಹೋಗಿದೆ. ಬೇಸಿಗೇಲಿ ಇದು ಅನುಕೂಲ, ಯಾಕಂದ್ರೆ ನೀರು 212 ಡಿಗ್ರಿ ದಾಟಲ್ಲ, ಹಾಗಾಗಿ ಒಳಗಿನ ಬಿಸಿ ಜಾಸ್ತಿ ಆಗದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ. ಚಳೀಲಿ ಆ ಬ್ರೇಕ್ ನಿಮಗೆ ಬೇಡ. ಪಾತ್ರೆಗೆ ಫಾಯಿಲ್ ಸುತ್ತಿ ಖಾಲಿ ಇಡಿ, ಕೊಬ್ಬು ಅದರಲ್ಲೇ ಬೀಳಲಿ, ಮಾರನೇ ದಿನ ಫಾಯಿಲ್ ಕಿತ್ತು ಎಸೆದ್ರೆ ಆಯ್ತು. ಬಿಸಿ ಸ್ವಲ್ಪ ಸ್ಥಿರವಾಗಿರಲಿ ಅನ್ನೋರು ಗ್ಲೇಝ್ ಇಲ್ಲದ ಮಣ್ಣಿನ ಕುಂಡದ ತಟ್ಟೆಯನ್ನ ಅದರೊಳಗೆ ಇಡ್ತಾರೆ, ಅದೂ ಚೆನ್ನಾಗೇ ಕೆಲಸ ಮಾಡುತ್ತೆ.

ಇದ್ದಿಲು ಹಚ್ಚೋ ರೀತಿ ಬಗ್ಗೆ. ಜಿಮ್ ಮಿನಿಯನ್ ಅನ್ನೋರ ಹೆಸರಲ್ಲಿ ಮಿನಿಯನ್ ಮೆಥಡ್ ಅಂತ ಇದೆ, ನಿಮಗೆ ಗೊತ್ತೇ ಇರಬೇಕು: ತಳದಲ್ಲಿ ಇದ್ದಿಲು ಹಿಡಿಯೋ ರಿಂಗ್ ತುಂಬ ಹಚ್ಚದ ಇದ್ದಿಲು ಹಾಕಿ ಅದರ ಮೇಲೆ ಸ್ವಲ್ಪ ಕೆಂಡ ಸುರಿಯೋದು, ಅದು ನಿಧಾನಕ್ಕೆ ಕೆಳಗೆ ಹತ್ತಿಕೊಂಡು ಗಂಟೆಗಟ್ಟಲೆ ಉರಿಯುತ್ತೆ. ಬೇಸಿಗೇಲಿ ಚಿಮಣಿ ಸ್ಟಾರ್ಟರ್‌ನ (ಇದ್ದಿಲು ಹಚ್ಚೋ ಲೋಹದ ಡಬ್ಬಿ) ಕಾಲು ಭಾಗ ಕೆಂಡ ಸಾಕಾದ್ರೆ ಈಗ ಅರ್ಧ ಇರಲಿ. ರಿಂಗ್ ಅನ್ನು ಅಂಚಿನ ತನಕ ತುಂಬಿ, ಉಳಿದ್ರೆ ಎಲ್ಲ ವೆಂಟ್ ಮುಚ್ಚಿ ಆರಿಸಿ ಮುಂದಿನ ಸಲಕ್ಕೆ ಬಳಸ್ಬೋದು, ಅದಕ್ಕೆ ಜಿಪುಣತನ ಮಾಡ್ಬೇಡಿ. ಬ್ರಿಕೆಟ್ (ಪುಡಿ ಒತ್ತಿ ಮಾಡಿದ ಇದ್ದಿಲ ಉಂಡೆ) ಆದ್ರೆ ಬೂದಿ ಜಾಸ್ತಿ, ಐದಾರು ಗಂಟೆ ಆದ್ಮೇಲೆ ಬೂದಿ ಕೆಂಡದ ಮೇಲೆ ಕೂತು ಉಸಿರು ಕಟ್ಟಿಸುತ್ತೆ, ಮುಳ್ಳು ಇಳೀತಿದೆ ಅಂದ್ರೆ ಪಕ್ಕದ ಬಾಗಿಲಿಂದ ಕಬ್ಬಿಣದ ಕಡ್ಡಿ ಹಾಕಿ ಮೆಲ್ಲಗೆ ಕೆದಕಿ ಬೂದಿ ಉದುರಿಸಿ. ನಿಮ್ಮ 200 ಡಿಗ್ರಿಗೆ ಇದೂ ಒಂದು ಕಾರಣ ಆಗಿರಬಹುದು.

ಮುಚ್ಚಳದ ಬಗ್ಗೆ ಜಾಸ್ತಿ ಹೇಳಲ್ಲ. ತೆಗೀಬೇಡಿ. ಪ್ರತಿ ಸಲ ನೋಡೋಣ ಅಂತ ಎತ್ತಿದಾಗ ಒಳಗಿನ ಬಿಸಿಗಾಳಿ ಪೂರ್ತಿ ಹೋಗುತ್ತೆ, ಲೋಹವೂ ತಣ್ಣಗಾಗುತ್ತೆ, ಬೇಸಿಗೇಲಿ ಹತ್ತು ನಿಮಿಷದಲ್ಲಿ ವಾಪಸ್ ಬರೋದು ಈಗ ಅರ್ಧ ಗಂಟೆ ಹಿಡಿಯಬಹುದು. ಮತ್ತೆ ತೆಗೆದ ಬಿಸಿ ಮುಚ್ಚಳವನ್ನ ಸ್ನೋ ಮೇಲೆ ಇಡಬೇಡಿ, ಎನಾಮೆಲ್ ಚಟ್ ಅಂತ ಬಿರುಕು ಬಿಡುತ್ತೆ.

ಪ್ರಶ್ನೆ: ಅಣ್ಣಾ, ನಾವಿರೋದು ಟೌನ್‌ಹೌಸ್. ಹೊರಗೆ ಗಾಳಿ ತಡೆಯೋಕಾಗಲ್ಲ. ಗರಾಜ್ ಬಾಗಿಲು ಅರ್ಧ ಎತ್ತಿ, ಬಾಗಿಲ ಹತ್ರವೇ ಸ್ಮೋಕರ್ ಇಟ್ಕೊಂಡ್ರೆ? ಹೊಗೆ ಎಲ್ಲಾ ಹೊರಗೇ ಹೋಗುತ್ತಲ್ಲ.
(ಓದುಗರು, ಶಿಕಾಗೋ ಹತ್ತಿರ)

ಉತ್ತರ: ಬೇಡ. ಅರ್ಧ ಎತ್ತಿದ್ರೂ ಬೇಡ, ಪೂರ್ತಿ ಎತ್ತಿದ್ರೂ ಬೇಡ, ಫ್ಯಾನ್ ಇಟ್ರೂ ಬೇಡ.

ಹೊಗೆ ಹೊರಗೆ ಹೋಗೋದು ಕಣ್ಣಿಗೆ ಕಾಣುತ್ತೆ, ಆದ್ರೆ ಇಲ್ಲಿ ಕೊಲ್ಲೋದು ಕಾಣೋ ಹೊಗೆ ಅಲ್ಲ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಬರುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿರೋ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ಹೊಟ್ಟೆ ತೊಳೆಸಿದ ಹಾಗೆ, ಸುಸ್ತು, ಚಳೀಲಿ ನಿಂತಿದ್ದಕ್ಕೆ ಹೀಗಾಯ್ತು ಅಂದ್ಕೊಂಡು ಮಲಗ್ತೀರಿ, ಮಲಗಿದ ಮೇಲೆ ಎಚ್ಚರ ಆಗ್ಬೇಕಲ್ಲ. ಟೌನ್‌ಹೌಸ್‌ನಲ್ಲಿ ಗರಾಜ್ ಮೇಲೇ ಬೆಡ್‌ರೂಮ್ ಇರುತ್ತೆ, ಪಕ್ಕದ ಮನೆಯವರ ಗೋಡೆಯೂ ಅಂಟಿಕೊಂಡಿರುತ್ತೆ. ಊರ ಕಡೆ ಪ್ರತಿ ಚಳಿಗಾಲದಲ್ಲೂ ಅಗ್ಗಿಷ್ಟಿಕೆ ಇಟ್ಕೊಂಡು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅಂತ ಪೇಪರ್‌ನಲ್ಲಿ ಓದ್ತೀವಲ್ಲ, ಅದು ಇದೇ ಗ್ಯಾಸು. ಅಡುಗೆ ಮುಗಿದ ಮೇಲೆ ಬೆಚ್ಚಗಿದೆ ಅಂತ ಸ್ಮೋಕರ್‌ನ ಒಳಗೆ ತಂದಿಡೋದೂ ಅಷ್ಟೇ ತಪ್ಪು, ವೆಂಟ್ ಮುಚ್ಚಿದ ಮೇಲೂ ಕೆಂಡ ಗಂಟೆಗಟ್ಟಲೆ ಜೀವ ಹಿಡ್ಕೊಂಡಿರುತ್ತೆ.

ಇನ್ನೊಂದು, ಗರಾಜ್ ಬಿಟ್ಟು ಮರದ ಬಾಲ್ಕನಿಗೆ ಹೋಗ್ತೀನಿ ಅಂತಾನೂ ಯೋಚಿಸ್ಬೇಡಿ. ಅಮೆರಿಕದಲ್ಲಿ ಬಹಳ ಕಡೆ ಪಾಲಿಸೋ ಇಂಟರ್‌ನ್ಯಾಷನಲ್ ಫೈರ್ ಕೋಡ್ ಪ್ರಕಾರ ಬೆಂಕಿ ಹತ್ತಬಲ್ಲ ಬಾಲ್ಕನಿ ಮೇಲೆ, ಅಥವಾ ಬೆಂಕಿ ಹತ್ತಬಲ್ಲ ಕಟ್ಟಡದಿಂದ 10 ಅಡಿ ಒಳಗೆ ಇದ್ದಿಲ ಒಲೆ ಹಚ್ಚೋ ಹಾಗಿಲ್ಲ. ಒಂದು ಅಥವಾ ಎರಡು ಕುಟುಂಬದ ಮನೆಗಳಿಗೆ ಅದರಲ್ಲಿ ವಿನಾಯಿತಿ ಇದೆ, ನಿಮ್ಮ ಊರಲ್ಲಿ ಟೌನ್‌ಹೌಸ್ ಅನ್ನ ಯಾವುದಕ್ಕೆ ಸೇರಿಸ್ತಾರೆ ಅಂತ ಅಲ್ಲಿನ ಫೈರ್ ಡಿಪಾರ್ಟ್‌ಮೆಂಟ್‌ಗೆ ಒಂದು ಫೋನ್ ಮಾಡಿ ಕೇಳಿ. ನಿಮ್ಮ ಶಿಕಾಗೋದಲ್ಲಿ 2019ರ ಜನವರಿ 30ಕ್ಕೆ ಸೊನ್ನೆಗಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಹೋಗಿತ್ತು. ಅಂಥ ದಿನ ಬಂದ್ರೆ ಓವನ್‌ನಲ್ಲಿ ಮಾಡ್ಕೊಂಡು ತಿನ್ನಿ, ಯಾರೂ ಕೇಳಲ್ಲ.

ಪ್ರಶ್ನೆ: ನನ್ನ ಸ್ಮೋಕರ್‌ನಿಂದ ಚಳೀಲಿ ದಪ್ಪ ಬಿಳಿ ಹೊಗೆ ನಿಲ್ಲೋದೇ ಇಲ್ಲ. ತೆಳು ನೀಲಿ ಹೊಗೆ ಬರಬೇಕು ಅಂತಾರೆ. ಕಾದು ಕಾದು ಕೊನೆಗೆ ಚಿಕನ್ ಹಾಕಿದೆ, ಕಹಿ ಆಯ್ತು, ಚರ್ಮ ರಬ್ಬರ್ ಥರ.
(ಓದುಗರು, ಟೊರಾಂಟೋ)

ಉತ್ತರ: ಇಲ್ಲಿ ಎರಡು ವಿಷಯ ಕಲಸಿಹೋಗಿದೆ. ಚಳೀಲಿ ನಮ್ಮ ಉಸಿರೇ ಬಿಳಿ ಕಾಣುತ್ತಲ್ವಾ, ಹಾಗಾಗಿ ಸ್ಮೋಕರ್‌ನಿಂದ ಬರೋ ಬಿಳಿಯೆಲ್ಲ ಹೊಗೆ ಅಲ್ಲ, ಅರ್ಧಕ್ಕರ್ಧ ನೀರಿನ ಉಗಿ. ಬಣ್ಣ ನಂಬಬೇಡಿ, ಮೂಗು ನಂಬಿ. ವೆಂಟ್‌ನಿಂದ ಒಂದು ಅಡಿ ದೂರ ಕೈ ಆಡಿಸಿ ಮೂಸಿ ನೋಡಿ, ಸುಟ್ಟ ಸೌದೆಯ ಒಳ್ಳೆ ವಾಸನೆ ಬಂದ್ರೆ ಸರಿ, ಕಣ್ಣು ಉರಿದು ಟಾರ್ ಥರ ಚುಚ್ಚಿದ್ರೆ ಇನ್ನೂ ಕಾಯಬೇಕು. ಬಿಳಿ ಉಗಿ ಮೇಲೆ ಹೋಗ್ತಾ ಬೇಗ ಮಾಯ ಆಗುತ್ತೆ, ಕೆಟ್ಟ ಹೊಗೆ ದೂರದ ತನಕ ಎಳೆದುಕೊಂಡು ಹೋಗುತ್ತೆ, ಇದೂ ಒಂದು ಗುರುತು.

ನಿಮ್ಮ ಚಿಕನ್ ಕಹಿ ಆಗಿರೋದ್ರಿಂದ ಕೆಟ್ಟ ಹೊಗೆಯೂ ಇತ್ತು ಅನ್ನೋದು ಗ್ಯಾರಂಟಿ. ಬಿಸಿ ಉಳಿಸೋಣ ಅಂತ ಮೇಲಿನ ವೆಂಟ್ ಅರ್ಧ ಮುಚ್ಚಿದ್ರಾ? ಹೆಚ್ಚಿನವರು ಮಾಡೋದು ಅದನ್ನೇ. ಹೊಗೆ ಒಳಗೇ ಸುತ್ತಿ ತಣ್ಣನೆ ಮುಚ್ಚಳಕ್ಕೆ ಕ್ರಿಯೋಸೋಟ್ (ಟಾರ್ ಥರದ ಕಹಿ ಜಿಡ್ಡು) ಆಗಿ ಅಂಟಿ ಮಾಂಸದ ಮೇಲೂ ಕೂರುತ್ತೆ. ತಮಾಷೆ ಏನಂದ್ರೆ ಚಳೀಲಿ ಡ್ರಾಫ್ಟ್ ಚೆನ್ನಾಗೇ ಇರುತ್ತೆ, ಒಳಗೆ ಹೊರಗೆ ಅಂತರ ಜಾಸ್ತಿ ಇದ್ದಷ್ಟೂ ಬಿಸಿಗಾಳಿ ಜೋರಾಗಿ ಮೇಲೇರುತ್ತೆ, ನಾವೇ ಅದಕ್ಕೆ ಅಡ್ಡ ಹಾಕ್ತೀವಿ. ಇದ್ದಿಲ ಮೂಟೆ ಹೊರಗೇ ಇಟ್ಟಿದ್ರೆ ಅದು ತೇವ ಎಳ್ಕೊಂಡಿರುತ್ತೆ, ಮುಚ್ಚಳ ಇರೋ ಡಬ್ಬಿಗೆ ಹಾಕಿಡಿ. ಹೊಗೆಗೆ ಅಂತ ಕೆಂಡಕ್ಕೆ ಹಾಕೋ ಮರದ ತುಂಡುಗಳನ್ನ ನೆನೆಸೋ ಅಭ್ಯಾಸ ಇದ್ರೆ ಬಿಟ್ಬಿಡಿ, ನೀರು ಹೋಗೋ ತನಕ ಅದು ಹೊಗೆಯೇ ಕೊಡಲ್ಲ. ಚಿಕನ್‌ಗೆ ಮುಷ್ಟಿ ಗಾತ್ರದ ಸೇಬಿನ ಅಥವಾ ಚೆರ್ರಿ ಮರದ ಒಂದು ತುಂಡು ಸಾಕು, ಹಿಕರಿ ಮರ ಹಾಕಿದ್ರೆ ಇನ್ನೂ ಕಮ್ಮಿ.

ಚರ್ಮಕ್ಕೆ ಬರೋಣ. 225ರಲ್ಲಿ ಕೋಳಿ ಚರ್ಮ ಯಾವ ಕಾಲದಲ್ಲೂ ಗರಿಗರಿ ಆಗಲ್ಲ, 300ರ ಮೇಲೆ ಬೇಕು, ಟೊರಾಂಟೋ ಜನವರಿಯಲ್ಲಿ ಸಣ್ಣ ಸ್ಮೋಕರ್ ಅಷ್ಟು ಏರಿಸೋದು ಕಷ್ಟ. ಒಂದು ಗಂಟೆ ಹೊಗೆ ಕೊಟ್ಟು ಒಳಗೆ ತಂದು 425 ಡಿಗ್ರಿ ಓವನ್‌ನಲ್ಲಿ ಮುಗಿಸಿ, ದಪ್ಪ ಜಾಗದಲ್ಲಿ 165 ಬಂದ್ರೆ ಆಯ್ತು. ಇದನ್ನ ಮೋಸ ಅನ್ನೋರು ಇದಾರೆ. ಅವರು ಹೊರಗೆ ನಿಂತ್ಕೊಳ್ಳಲಿ.

ಪ್ರಶ್ನೆ: ಪೋರ್ಕ್ ಶೋಲ್ಡರ್ 160 ಡಿಗ್ರಿಗೆ ಬಂದು ನಿಂತುಬಿಡ್ತು, ಗಂಟೆಗಟ್ಟಲೆ ಅಲ್ಲಾಡಲಿಲ್ಲ. ಹೊರಗಿನ ಚಳಿ ಮಾಂಸದ ಒಳಗೆ ಇಳಿದಿದೆಯಾ? ಕೆಟ್ಟುಹೋಗುತ್ತಾ?
(ಓದುಗರು, ನ್ಯೂಜೆರ್ಸಿ)

ಉತ್ತರ: ಚಳಿ ಒಳಗೆ ಇಳಿದಿಲ್ಲ, ಮಾಂಸ ಬೆವರ್ತಾ ಇದೆ. ಇದಕ್ಕೆ ಸ್ಟಾಲ್ ಅಂತಾರೆ, 150ರಿಂದ 170ರ ಮಧ್ಯೆ ಮೇಲ್ಮೈಯಿಂದ ನೀರು ಆವಿಯಾಗೋ ವೇಗ ಒಳಗೆ ಬರೋ ಶಾಖಕ್ಕೆ ಸರಿಸಮ ಆಗಿಬಿಡುತ್ತೆ. ಮೇ ತಿಂಗಳಲ್ಲೂ ಆಗುತ್ತೆ. 140 ದಾಟಿರೋದ್ರಿಂದ ಕೆಡೋ ಭಯ ಇಲ್ಲ, 40ರಿಂದ 140ರ ನಡುವೆ ಬಹಳ ಹೊತ್ತು ಸಿಕ್ಕಿಕೊಂಡ್ರೆ ಮಾತ್ರ ಯೋಚನೆ ಮಾಡ್ಬೇಕು. ಸ್ಟಾಲ್ ಶುರುವಾದಾಗ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, ಆವಿ ನಿಲ್ಲುತ್ತೆ, ಮುಳ್ಳು ಏರುತ್ತೆ. ಸುತ್ತಿದ ಮೇಲೆ ಅದಕ್ಕೆ ಹೊಗೆ ಹತ್ತಲ್ಲ, ಅಂದ ಮೇಲೆ ಚಳೀಲಿ ಇದ್ದಿಲು ಸುಡ್ತಾ ಕೂರೋಕೆ ಕಾರಣವೇ ಇಲ್ಲ, ಅಲ್ಲಿಂದ ಮುಂದೆ 250ರ ಓವನ್‌ಗೆ ಹಾಕಿ 200 ದಾಟಿದ ಮೇಲೆ ತೆಗೀರಿ. ಎಂಟು ಪೌಂಡಿನ ತುಂಡಿಗೆ ಹತ್ತು ಹನ್ನೆರಡು ಗಂಟೆ, ಚಳೀಲಿ ಇನ್ನೂ ಜಾಸ್ತಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತೆ, ಹಾಗಾಗಿ ಹಚ್ಚೋದು ಬೆಳಗಿನ ಜಾವ ಇರಲಿ, ತಲೆಗೆ ಕಟ್ಟೋ ಟಾರ್ಚ್ ಒಂದು ಇಟ್ಕೊಳ್ಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ನಮ್ಮೆಜಮಾನರಿಗೆ ಆಫೀಸಿನವರು ಸ್ಮೋಕರ್ ಗಿಫ್ಟ್ ಕೊಟ್ಟಿದಾರೆ, ಕೊಡುವಾಗ ಯೋಚನೆ ಮಾಡಿಲ್ಲ ಅನ್ಸುತ್ತೆ! ಚಳಿಗಾಲದಲ್ಲಿ ಏನಾದ್ರೂ ಉಪಯೋಗ ಇದೆಯಾ ಮೇಡಂ ಅಥವಾ ಯಾರಿಗಾದ್ರೂ ಕೊಟ್ಬಿಡೋದಾ?
(ಓದುಗರು, ಮಿಶಿಗನ್)

ಉತ್ತರ: (ಹಿಂದಿನ ಪತ್ರದಲ್ಲಿ ಅಣ್ಣ, ಇಲ್ಲಿ ಮೇಡಂ. ಇರಲಿ.) ದಯವಿಟ್ಟು ಯಾರಿಗೂ ಕೊಡ್ಬೇಡಿ. ಚಳಿಗಾಲದಲ್ಲಿ ಸ್ಮೋಕರ್‌ನಿಂದ ಅತಿ ಹೆಚ್ಚು ಲಾಭ ಇರೋದೇ ನಿಮಗೆ, ಮಾಂಸದವರಿಗೆ ಇರೋ ತಾಪತ್ರಯ ಯಾವುದೂ ನಿಮಗಿಲ್ಲ.

ಚೀಸ್‌ಗೆ ಹೊಗೆ ಹಾಕೋಕೆ ಒಳಗಿನ ಬಿಸಿ 90 ಡಿಗ್ರಿ ದಾಟಬಾರದು, ದಾಟಿದ್ರೆ ಎಣ್ಣೆ ಬಿಟ್ಟು ಕರಗುತ್ತೆ. ಬೇಸಿಗೇಲಿ ಬಿಸಿಲಿಗೇ ಅಷ್ಟಾಗುತ್ತೆ, ಹಾಗಾಗಿ ಇದು ಚಳಿಗಾಲದ್ದೇ ಕೆಲಸ. ಹೊರಗೆ 35, 45 ಡಿಗ್ರಿ ಇರೋ ದಿನ ಆರಿಸಿಕೊಳ್ಳಿ. ಇದ್ದಿಲು ಹಚ್ಚೋದೇ ಬೇಡ, ಮರದ ಪೆಲೆಟ್ ತುಂಬೋ ತೂತು ತೂತಿನ ಸ್ಟೀಲ್ ಟ್ಯೂಬ್ ಸಿಗುತ್ತೆ, ಅದರ ಒಂದು ತುದಿ ಹಚ್ಚಿ ಜ್ವಾಲೆ ಆರಿಸಿ ಕೆಳಗಿಟ್ರೆ ಗಂಟೆಗಟ್ಟಲೆ ಹೊಗೆಯಾಡ್ತಿರುತ್ತೆ. ಚೆಡ್ಡರ್, ಗೌಡಾ ಗಟ್ಟಿಗಳನ್ನ ಮೇಲಿನ ಜಾಲರಿ ಮೇಲೆ ಇಟ್ಟು ಎರಡು ಗಂಟೆ ಬಿಡಿ. ತಕ್ಷಣ ತಿಂದ್ರೆ ಬೂದಿ ನೆಕ್ಕಿದ ಹಾಗಿರುತ್ತೆ, ಬೈಕೋಬೇಡಿ, ಸುತ್ತಿ ಫ್ರಿಜ್‌ನಲ್ಲಿ ಎರಡು ವಾರ ಮರೆತುಬಿಡಿ, ಆಮೇಲೆ ತಿನ್ನಿ. ಹೊರಗೆ ನೀರು ಹೆಪ್ಪುಗಟ್ಟೋ ಅಷ್ಟು ಚಳಿ ಇದ್ದಾಗ ಮಾತ್ರ ಬೇಡ, ಚೀಸ್ ಹೆಪ್ಪುಗಟ್ಟಿದ್ರೆ ಆಮೇಲೆ ಪುಡಿಪುಡಿ ಆಗುತ್ತೆ. ಪನೀರ್‌ಗೆ ಅರ್ಧ ಗಂಟೆ ಸಾಕು, ಅದು ಬಿಸಿಗೂ ಕರಗಲ್ಲ, ಆದ್ರೆ ಬೇಗ ಕೆಡುತ್ತೆ ಹಾಗಾಗಿ ಒಂದೆರಡು ದಿನದಲ್ಲಿ ಮುಗಿಸಿ. ಕಲ್ಲುಪ್ಪು, ಬಾದಾಮಿ, ಗೋಡಂಬಿ ಎಲ್ಲಾ ಆಗುತ್ತೆ.

ಇದ್ದಿಲು ಹಚ್ಚಿದ್ರೆ ಬದನೆಕಾಯಿ. ಗ್ಯಾಸ್ ಮೇಲೆ ಸುಟ್ಟು ಗೊಜ್ಜು ಮಾಡೋರಿಗೆ ಗೊತ್ತು, ಸಿಪ್ಪೆ ಕರಿ ಆಗುತ್ತೆ, ಹೊಗೆ ವಾಸನೆ ಮಾತ್ರ ಅಷ್ಟಕ್ಕಷ್ಟೇ. 250 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟು ಆಮೇಲೆ ಎರಡು ನಿಮಿಷ ನೇರ ಕೆಂಡಕ್ಕೆ ಹಿಡಿದು ಗೊಜ್ಜು ಮಾಡಿ, ಹುಣಸೆಹುಳಿ ಸ್ವಲ್ಪ ಕಮ್ಮಿ ಹಾಕಿ, ಬಿಸಿ ಅನ್ನಕ್ಕೆ ಕಲಸಿಕೊಂಡ್ರೆ ಮಿಶಿಗನ್ ಚಳಿ ಅನ್ನೋದು ನೆನಪೇ ಇರಲ್ಲ. ಟೊಮ್ಯಾಟೋ, ಬೆಳ್ಳುಳ್ಳಿಯನ್ನೂ ಪಕ್ಕದಲ್ಲೇ ಇಡಿ, ಸಾರಿಗಾಗುತ್ತೆ. ಹೇಗೂ ಹಚ್ಚಿದೀರಿ.

ಪ್ರಶ್ನೆ: ವೈರ್‌ಲೆಸ್ ಥರ್ಮಾಮೀಟರ್ ಪರದೆ ಚಳೀಲಿ ಮಂಕಾಗಿ ನಿಂತುಹೋಗುತ್ತೆ, ಕೆಟ್ಟಿದೆಯಾ?
(ಓದುಗರು, ಕ್ಯಾಲ್ಗರಿ)

ಉತ್ತರ: ಬಹುಶಃ ಇಲ್ಲ. ಎಲ್‌ಸಿಡಿ ಪರದೆ ಚಳೀಲಿ ನಿಧಾನ ಆಗುತ್ತೆ, ಆಲ್ಕಲೈನ್ ಬ್ಯಾಟರಿ ಬಲ ಕಳ್ಕೊಳ್ಳುತ್ತೆ. ಲಿಥಿಯಂ ಸೆಲ್ ಹಾಕಿ, ಟ್ರಾನ್ಸ್‌ಮಿಟರ್‌ನ ಝಿಪ್ ಕವರ್‌ನಲ್ಲಿ ಹಾಕಿ ಹಳೇ ಉಲ್ಲನ್ ಸಾಕ್ಸ್ ಒಳಗೆ ತೂರಿಸಿಡಿ. ಮುಚ್ಚಳದಲ್ಲಿರೋ ಮುಳ್ಳಿನ ಮೀಟರ್ ಮೇಲೆ ಭರವಸೆ ಬೇಡ, ಪ್ರೋಬ್ (ಬಿಸಿ ಅಳೆಯೋ ಕಡ್ಡಿ) ಜಾಲರಿ ಮಟ್ಟದಲ್ಲೇ ಇರಲಿ.

ಪ್ರಶ್ನೆ: ಸೆರಾಮಿಕ್ ಕಮಾಡೋ (ಮೊಟ್ಟೆ ಆಕಾರದ ಇದ್ದಿಲ ಒಲೆ) ತಗೊಂಡ್ರೆ ಈ ಎಲ್ಲಾ ರಗಳೆ ತಪ್ಪುತ್ತಾ?
(ಓದುಗರು, ಬೋಸ್ಟನ್)

ಉತ್ತರ: ಬಹಳಷ್ಟು ತಪ್ಪುತ್ತೆ, ದಪ್ಪ ಗೋಡೆ, ಶಾಖ ಹಿಡ್ಕೊಳ್ಳುತ್ತೆ, ಇದ್ದಿಲೂ ಕಮ್ಮಿ ಸಾಕು. ದುಡ್ಡು ಜಾಸ್ತಿ, ತೂಕ ಇನ್ನೂ ಜಾಸ್ತಿ. ನೀರು ಸೇರಿ ಹೆಪ್ಪುಗಟ್ಟಿದ್ರೆ ಬಿರುಕು ಬಿಡಬಹುದು, ಹಾಗಾಗಿ ಮಳೆ, ಸ್ನೋ ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ, ಕೊರೆಯೋ ಚಳೀಲಿ ನಿಧಾನಕ್ಕೆ ಬಿಸಿ ಮಾಡಿ. ಇರೋ ಸ್ಟೀಲ್ ಸ್ಮೋಕರ್‌ಗೆ ವೆಲ್ಡಿಂಗ್ ಬ್ಲಾಂಕೆಟ್ (ಬೆಂಕಿ ತಡೆಯೋ ಹೊದಿಕೆ) ಹೊದಿಸಿದ್ರೆ ಸದ್ಯಕ್ಕೆ ಅರ್ಧ ಕೆಲಸ ಆಗುತ್ತೆ. ವೆಂಟ್ ಮಾತ್ರ ಮುಚ್ಚಿಹೋಗಬಾರದು, ಮತ್ತೆ ಮನೇಲಿರೋ ಹಳೇ ರಗ್ಗು ಗಿಗ್ಗು ಹೊದಿಸೋಕೆ ಹೋಗ್ಬೇಡಿ, ಬೆಂಕಿ ಹತ್ತುತ್ತೆ.

ಪ್ರಶ್ನೆ: ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿ 15 ಡಿಗ್ರಿ ಸೆಲ್ಸಿಯಸ್. ನಾವೂ ಇದೆಲ್ಲ ಮಾಡ್ಬೇಕಾ?
(ಓದುಗರು, ಜಯನಗರ)

ಉತ್ತರ: ಸ್ವಾಮಿ, ಅದು ಅಲ್ಲಿಯವರ ಬೇಸಿಗೆ. ಸ್ವೆಟರ್ ಹಾಕ್ಕೊಂಡು ಟೆರೇಸ್‌ನಲ್ಲಿ ಹಚ್ಚಿ, ತೆಂಗಿನ ಚಿಪ್ಪಿನ ಇದ್ದಿಲು ಸಿಕ್ಕಿದ್ರೆ ಅದೇ ಹಾಕಿ, ಬೂದಿ ಕಮ್ಮಿ. ಕೊಡಗಿನ ಮನೆಗಳಲ್ಲಿ ಒಲೆ ಮೇಲೆ ಮಾಂಸ ತೂಗುಹಾಕಿ ದಿನಗಟ್ಟಲೆ ಹೊಗೆಯಲ್ಲಿ ಒಣಗಿಸ್ತಾರಲ್ಲ, ಅದನ್ನ ಇದರಲ್ಲಿ ಮಾಡೋಕೆ ಹೋಗ್ಬೇಡಿ. ಉಪ್ಪು ಹಾಕದೆ ತಣ್ಣನೆ ಹೊಗೆ ಕೊಟ್ಟ ಮಾಂಸ, ಮೀನು ಅಪಾಯ, ಅದಕ್ಕೆ ಬೇರೆ ವಿದ್ಯೆ ಬೇಕು.

ಪ್ರಶ್ನೆ: ಅಡುಗೆ ಆದ್ಮೇಲೆ ಬೂದಿ ಎಲ್ಲಿ ಹಾಕೋದು? ಸುತ್ತ ಸ್ನೋ ಇದೆ, ಅದರ ಮೇಲೆ ಸುರಿದ್ರೆ ಆರುತ್ತಲ್ವಾ? ಮತ್ತೆ ಸ್ನೋ ಮೇಲೇ ಸ್ಮೋಕರ್ ಇಡಬಹುದಾ?
(ಓದುಗರು, ಬಫಲೋ)

ಉತ್ತರ: ಇಡಬೇಡಿ, ಕೆಳಗಿನ ಸ್ನೋ ಕರಗಿ ಒಂದು ಕಾಲು ಕುಸಿದ್ರೆ ಕೆಂಡ ಸಮೇತ ವಾಲುತ್ತೆ. ನೆಲ ಕಾಣೋ ಹಾಗೆ ಗುಡಿಸಿ ಕಾಂಕ್ರೀಟ್ ಪೇವರ್ ಹಾಕಿ ಅದರ ಮೇಲೆ ಇಡಿ, ಬಾಗಿಲಿಂದ ಅಲ್ಲಿವರೆಗೆ ದಾರಿಯೂ ಗುಡಿಸಿ, ಬಿಸಿ ಟ್ರೇ ಹಿಡ್ಕೊಂಡು ಐಸ್ ಮೇಲೆ ಜಾರೋದು ಬೇಡ. ಬೂದಿ ವಿಷಯ: ಸ್ನೋ ಮೇಲೆ ಸುರಿದ್ರೆ ಮೇಲಿನದು ಆರುತ್ತೆ, ಬೂದಿಯೊಳಗೆ ಹುದುಗಿರೋ ಕೆಂಡ ಆರಲ್ಲ. ಎಲ್ಲ ವೆಂಟ್ ಮುಚ್ಚಿ ಎರಡು ದಿನ ಹಾಗೇ ಬಿಡಿ, ಆಮೇಲೆ ಮುಚ್ಚಳ ಇರೋ ಕಬ್ಬಿಣದ ಬಕೆಟ್‌ಗೆ ಹಾಕಿ. ಪ್ಲಾಸ್ಟಿಕ್ ಕಸದ ಡಬ್ಬಿ, ರಟ್ಟಿನ ಪೆಟ್ಟಿಗೆ ಬೇಡ. ಬಕೆಟ್ಟನ್ನ ಮರದ ಡೆಕ್ ಮೇಲಾಗಲಿ ಗರಾಜ್ ಒಳಗಾಗಲಿ ಇಡಬೇಡಿ, ಮನೆಯಿಂದ ದೂರ, ಕಲ್ಲಿನ ಮೇಲೆ. ಮುಚ್ಚಳ ಕೊಬ್ಬಿನ ಅಂಟಿಗೆ ಹೆಪ್ಪುಗಟ್ಟಿ ಕಚ್ಚಿಕೊಂಡಿದ್ರೆ ಸುತ್ತಿಗೆಯಲ್ಲಿ ಹೊಡೀಬೇಡಿ, ಅಂಚಿಗೆ ಸ್ವಲ್ಪ ಬಿಸಿನೀರು ಹಾಕಿ, ಬಿಟ್ಕೊಳ್ಳುತ್ತೆ.